ಕೆಸರಿನಲ್ಲಿ ಸಿಕ್ಕ ಕಾರು: ಸ್ಥಿರತಾ ನಿಯಂತ್ರಣವನ್ನು ನಿಲ್ಲಿಸುವುದು ಯಾವಾಗ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಎರೆಭೂಮಿ ಇರುವಲ್ಲೆಲ್ಲ ಅದರ ಗುಣ ಒಕ್ಕಲಿಗರಿಗೆ ಗೊತ್ತು. ಬೇಸಗೆಯಲ್ಲಿ ಬಿರುಕು ಬಿಡುವ ಈ ಮಣ್ಣು ಮಳೆಯ ನೀರನ್ನು ಹೀರಿ ಉಬ್ಬಿ, ಅಂಟಿನಂತಾಗುತ್ತದೆ. ಟಾಯರಿನ ಗೀರುಗಳಲ್ಲಿ ತುಂಬಿ ಅದನ್ನು ನುಣುಪಾಗಿಸಿಬಿಡುತ್ತದೆ. ಕಬ್ಬಿನ ಹೊಲದ ಗಾಡಿದಾರಿಯಲ್ಲಿ ಹೊಸ ಮಾದರಿಯ ಕಾರೊಂದು ಹೀಗೆ ಸಿಕ್ಕಿಕೊಂಡಾಗ ವಿಚಿತ್ರವೊಂದು ಕಾಣುತ್ತದೆ. ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಎಂಜಿನಿನ ದನಿ ಏರುವುದಿಲ್ಲ. ಕಾರು ಕದಲುವುದೂ ಇಲ್ಲ. ಎಂಜಿನು ಕೆಟ್ಟಿತೆಂದು ಬಗೆಯುವವರುಂಟು. ನಿಜವಾಗಿ ಅದನ್ನು ತಡೆದು ಹಿಡಿದಿರುವುದು ಸ್ಥಿರತಾ ನಿಯಂತ್ರಣವೆಂಬ ಏರ್ಪಾಡು.

ಜರ್ಮನಿಯ ಬಾಷ್ ಮತ್ತು ಮರ್ಸಿಡಿಸ್-ಬೆಂಜ್ ಸಂಸ್ಥೆಗಳು ಕೂಡಿ 1995ರಲ್ಲಿ ಇದನ್ನು ಬಳಕೆಗೆ ತಂದವು. ಸ್ಟಿಯರಿಂಗ್ ಚಕ್ರ ಎಷ್ಟು ತಿರುಗಿದೆ, ನಾಲ್ಕು ಗಾಲಿಗಳಲ್ಲಿ ಪ್ರತಿಯೊಂದೂ ಎಷ್ಟು ವೇಗವಾಗಿ ಉರುಳುತ್ತಿದೆ, ಕಾರಿನ ಒಡಲು ಯಾವ ಕಡೆ ಹೊರಳುತ್ತಿದೆ ಎಂಬುದನ್ನು ಇದರ ಸಂವೇದಕಗಳು ಕ್ಷಣಕ್ಷಣವೂ ಅಳೆಯುತ್ತವೆ. ಚಾಲಕನು ತಿರುಗಿಸಿದ ದಿಕ್ಕಿಗೂ ಕಾರು ಸಾಗುವ ದಿಕ್ಕಿಗೂ ವ್ಯತ್ಯಾಸ ಬಂದೊಡನೆ, ತಕ್ಕ ಒಂದು ಗಾಲಿಗೆ ಮಾತ್ರ ಬ್ರೇಕು ಹಾಕಿ ಕಾರನ್ನು ಸರಿದಾರಿಗೆ ಎಳೆಯುತ್ತದೆ. ಎಂಜಿನಿನ ಬಲವನ್ನೂ ತಗ್ಗಿಸುತ್ತದೆ. ಯಾವ ಚಾಲಕನೂ ನಾಲ್ಕು ಗಾಲಿಗಳಿಗೆ ಬೇರೆಬೇರೆಯಾಗಿ ಬ್ರೇಕು ಹಾಕಲಾರನಷ್ಟೆ.

ಆದರೆ ಘರ್ಷಣೆಯ ನಿಯಮವನ್ನು ಈ ಯಂತ್ರವೂ ಮೀರಲಾರದು. 50 ಮೀಟರು ತ್ರಿಜ್ಯದ, ಮಟ್ಟಸವಾದ ತಿರುವೊಂದನ್ನು ಊಹಿಸಿಕೊಳ್ಳೋಣ. ಒಣ ಡಾಂಬರಿನ ಮೇಲೆ ಘರ್ಷಣಾಂಕವನ್ನು 0.7 ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 67 ಕಿಲೋಮೀಟರಿನವರೆಗೆ ಕಾರು ಜಾರದೆ ತಿರುಗಬಲ್ಲುದು. ಹೊಲದಿಂದ ಬಂದ ಟ್ರ್ಯಾಕ್ಟರುಗಳು ಉದುರಿಸಿದ ಹಸಿ ಕೆಸರಿನಿಂದ ಅದು 0.3ಕ್ಕೆ ಇಳಿದರೆ, ಮಿತಿ 44 ಕಿಲೋಮೀಟರಿಗೆ ಕುಸಿಯುತ್ತದೆ.

ಹಾಗಾದರೆ ಹೊಲದ ಕೆಸರಿನಲ್ಲಿ ಇದು ಅಡ್ಡಿಯಾಗುವುದೇಕೆ? ಅಲ್ಲಿ ಗಾಲಿ ಸ್ವಲ್ಪ ಜಾರಿ ತಿರುಗಿದರೆ ಮಾತ್ರ ಗೀರುಗಳಲ್ಲಿನ ಮಣ್ಣು ಸಿಡಿದು, ಕೆಳಗಿನ ಗಟ್ಟಿ ನೆಲ ಟಾಯರಿಗೆ ಸಿಗುತ್ತದೆ. ಯಂತ್ರವಾದರೋ ಜಾರುವಿಕೆಯನ್ನು ಕಂಡೊಡನೆ ಎಂಜಿನಿನ ಬಲವನ್ನು ಕಡಿದುಬಿಡುತ್ತದೆ. ಆಳವಾದ ಮರಳಿನಲ್ಲಿಯೂ ಹೀಗೆಯೇ.

ಅಂಥ ಸಂದರ್ಭದಲ್ಲಿ ಕಾರನ್ನು ನಿಲ್ಲಿಸಿ, ಎಂಜಿನು ನಡೆಯುತ್ತಿರುವಾಗಲೇ, ಕಾರಿನ ಹಿಂದೆ ಎರಡು ಅಂಕುಡೊಂಕು ಗೆರೆಗಳ ಚಿತ್ರವಿರುವ ಸ್ವಿಚ್ಚನ್ನು ಒತ್ತಬೇಕು. ಕೆಲವು ಕಾರುಗಳಲ್ಲಿ ಕೆಲವು ಸೆಕೆಂಡು ಒತ್ತಿಹಿಡಿಯಬೇಕಾಗುತ್ತದೆ. ಕೆಲವದರಲ್ಲಿ ಪೂರ್ತಿ ನಿಲ್ಲಿಸಲು ಬಾರದು. ತಯಾರಕರ ಕೈಪಿಡಿಯನ್ನು ಮೊದಲೇ ಓದಿಟ್ಟುಕೊಳ್ಳುವುದು ಲೇಸು. ನಿಯಂತ್ರಣ ನಿಂತಾಗ ಮುಂದಿನ ಫಲಕದಲ್ಲಿ ದೀಪವೊಂದು ಒಂದೇ ಸಮನೆ ಉರಿಯುತ್ತದೆ. ಅದು ಮಿಣುಕಿದರೆ ನಿಯಂತ್ರಣ ಕೆಲಸಮಾಡುತ್ತಿದೆ ಎಂದರ್ಥ. ಬಳಿಕ ಗಾಲಿಗಳನ್ನು ನೇರಮಾಡಿ, ಅವುಗಳ ಮುಂದೆ ಕಬ್ಬಿನ ರವದಿಯನ್ನೋ ಕಲ್ಲುಗಳನ್ನೋ ಹಾಸಿ, ಎರಡನೆಯ ಗೇರಿನಲ್ಲಿ ಮೆಲ್ಲಗೆ ಹೊರಡಬೇಕು. ಬಿರುಸಾಗಿ ತಿರುಗಿಸಿದರೆ ಗಾಲಿ ತನ್ನ ಕುಳಿಯನ್ನೇ ತೋಡಿಕೊಳ್ಳುತ್ತದೆ. ಗಾಲಿಗಳ ಹಿಂದುಮುಂದಿನ ನೇರದಲ್ಲಿ ಯಾರೂ ನಿಲ್ಲಕೂಡದು. ಸಿಡಿದ ಕಲ್ಲು ಕಣ್ಣಿಗೆ ಬಡಿದೀತು.

ಗಟ್ಟಿ ನೆಲ ಸಿಕ್ಕೊಡನೆ ನಿಯಂತ್ರಣವನ್ನು ಮತ್ತೆ ಹೂಡಬೇಕು. ಬಹಳಷ್ಟು ಕಾರುಗಳಲ್ಲಿ ಎಂಜಿನನ್ನು ನಿಲ್ಲಿಸಿ ಮತ್ತೆ ಹೊರಡಿಸಿದರೆ ಅದು ತಾನಾಗಿಯೇ ಬರುತ್ತದೆ. ಆದರೂ ದೀಪವನ್ನು ನೋಡಿ ಖಾತರಿಮಾಡಿಕೊಳ್ಳಬೇಕು. ಹೊಲದಲ್ಲಿ ಜಾರಿದ ಕಾರು ಕೆಸರಿನಲ್ಲಿ ಹುಗಿದೀತು, ಅಷ್ಟೆ. ಸಂಕೇಶ್ವರದ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಜಾರಿದ ಕಾರಿನಲ್ಲಿ ಮನೆಮಂದಿಯೆಲ್ಲ ಕುಳಿತಿರಬಹುದು, ಎದುರಿಗೆ ಲಾರಿ ಇರಬಹುದು. ನಡೆದು ಹೋಗುವಷ್ಟು ನಿಧಾನವಾಗಿ ಸಾಗಬೇಕಾದಲ್ಲಿ ಮಾತ್ರ ಈ ಸ್ವಿಚ್ಚಿಗೆ ಕೈ ಹಾಕುವುದು ಕ್ಷೇಮ.