ಐವತ್ತು ಎಂಬಿಯ ಹಠ

ವಿಸಿಟಿಂಗ್ ಕಾರ್ಡಿನ ಅಳತೆಯ ಸಿಡಿಗಳು ಒಂದು ಕಾಲದಲ್ಲಿ ಸಿಗುತ್ತಿದ್ದವು. ದುಂಡನೆಯ ಸಿಡಿಯ ಎರಡು ಬದಿ ಕತ್ತರಿಸಿ ಹಾಕಿದಂಥ ಆಕಾರ. ಅದರಲ್ಲಿ ಸಾಮಾನ್ಯವಾಗಿ ಹಿಡಿಸುತ್ತಿದ್ದದ್ದು ಸುಮಾರು 50 ಎಂಬಿ. ಇವತ್ತಿನ ಲೆಕ್ಕದಲ್ಲಿ ಮದುವೆಮನೆಯ ಹತ್ತು-ಹದಿನೈದು ಫೋಟೊ ಹಾಕಿದರೆ ತುಂಬಿಹೋಗುವಷ್ಟು ಜಾಗ. ಜಾನ್ ಆಂಡ್ರ್ಯೂಸ್ ಎಂಬುವರಿಗೆ ಇದರಲ್ಲೊಂದು ಆಟ ಕಾಣಿಸಿತು. ಇಷ್ಟೇ ಜಾಗದಲ್ಲಿ ಬ್ರೌಸರ್, ಇಮೇಲ್, ಬರವಣಿಗೆ, ಹಾಡು ಕೇಳುವ ತಂತ್ರಾಂಶ ಎಲ್ಲವನ್ನೂ ಸೇರಿಸಿ ಒಂದು ಪೂರ್ತಿ ಕಂಪ್ಯೂಟರನ್ನೇ ತುರುಕಬಹುದೇ? ತುರುಕಿಯೇ ಬಿಟ್ಟರು. ಹೆಸರು ‘ಡ್ಯಾಮ್ ಸ್ಮಾಲ್ ಲಿನಕ್ಸ್’. ನಮ್ಮ ಮಾತಿನಲ್ಲಿ ‘ಹಾಳಾದ್ದು, ಎಷ್ಟು ಚಿಕ್ಕದಪ್ಪಾ’ ಎನ್ನಬಹುದೇನೋ. 16 ಎಂಬಿ ರ‍್ಯಾಮ್ ಇರುವ 486 ಯಂತ್ರದಲ್ಲೂ ಅದು ಏಳುತ್ತಿತ್ತು.

ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಬದುಕಿಸುವ ಪರಿಪಾಠ ಬೆಳೆದದ್ದು ಇಂಥ ಹಠಗಳಿಂದ. ಆದರೆ ಲಿನಕ್ಸ್ ಹುಟ್ಟಿದ್ದು ಹಳೇ ಯಂತ್ರಕ್ಕಾಗಿ ಅಲ್ಲ. 1991ರ ಜನವರಿಯಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕಂತಿನ ಮೇಲೆ ಹೊಸದೊಂದು 386 ಕಂಪ್ಯೂಟರ್ ಕೊಂಡರು. 33 ಮೆಗಾಹರ್ಟ್ಸ್ ವೇಗ, 4 ಎಂಬಿ ರ‍್ಯಾಮ್. ವಿಶ್ವವಿದ್ಯಾಲಯದ ದುಬಾರಿ ಯಂತ್ರಗಳಲ್ಲಿದ್ದ ಯುನಿಕ್ಸ್‌ನಂಥದ್ದು ತನ್ನ ಕೋಣೆಯ ಅಗ್ಗದ ಪೆಟ್ಟಿಗೆಯಲ್ಲೂ ಓಡಬೇಕು ಎನ್ನುವುದು ಅವರ ಆಸೆ. ಅದೇ ವರ್ಷದ ಆಗಸ್ಟ್ 25ರಂದು, ತಾವೇ ಬರೆಯುತ್ತಿದ್ದ ಕಾರ್ಯಾಚರಣಾ ವ್ಯವಸ್ಥೆಯ ಬಗ್ಗೆ, ಇದು ಬರೀ ಹವ್ಯಾಸ, ದೊಡ್ಡದಾಗುವಂಥದ್ದೇನಲ್ಲ ಎಂಬ ಧಾಟಿಯಲ್ಲಿ ಜಗತ್ತಿಗೆ ತಿಳಿಸಿದರು. ಮುಂದಿನ ವರ್ಷ ಅದಕ್ಕೆ ಜಿಪಿಎಲ್ ಪರವಾನಗಿ ಬಂತು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಬೇಡದ್ದನ್ನು ಕಿತ್ತು ಹಗುರ ಮಾಡುವ ಹಕ್ಕೂ ಇದರಲ್ಲೇ ಸೇರಿತ್ತು. ಆಂಡ್ರ್ಯೂಸ್ ಬಳಸಿಕೊಂಡದ್ದು ಈ ಹಕ್ಕನ್ನೇ.

ಮೊದಮೊದಲು ಲಿನಕ್ಸ್ ಹಾಕುವುದು ಎದೆಗಾರಿಕೆಯ ಕೆಲಸವಾಗಿತ್ತು. ಫ್ಲಾಪಿಗಳ ಕಂತೆ ಇಟ್ಟುಕೊಂಡು, ಹಾರ್ಡ್ ಡಿಸ್ಕ್ ಭಾಗ ಮಾಡುವಾಗ ಒಂದಂಕಿ ತಪ್ಪಿದರೂ ಇದ್ದದ್ದೆಲ್ಲ ಹೋಯಿತು. ಆ ಭಯ ಬಿಡಿಸಿದವರು ಜರ್ಮನಿಯ ಕ್ಲಾಸ್ ನಾಪರ್. 2000ದಲ್ಲಿ ಬಂದ ಅವರ ‘ನಾಪಿಕ್ಸ್’ ಸಿಡಿಯಿಂದಲೇ ಓಡುತ್ತಿತ್ತು. ಸುಮಾರು 2 ಜಿಬಿ ತಂತ್ರಾಂಶವನ್ನು ಒತ್ತಿ 700 ಎಂಬಿಗೆ ಇಳಿಸಿ, ಬೇಕಾದಾಗ ಬೇಕಾದಷ್ಟನ್ನೇ ಬಿಡಿಸಿಕೊಳ್ಳುವ ಉಪಾಯ ಅದರದು. ಹಾರ್ಡ್ ಡಿಸ್ಕನ್ನು ಮುಟ್ಟುವುದೇ ಇಲ್ಲ. ನೋಡಿ, ಇಷ್ಟವಾಗದಿದ್ದರೆ ಸಿಡಿ ಹೊರತೆಗೆದರಾಯಿತು. ಇವತ್ತು ಪೆನ್‌ಡ್ರೈವ್‌ನಿಂದ ‘ಮೊದಲು ಪ್ರಯತ್ನಿಸಿ, ಆಮೇಲೆ ಹಾಕಿ’ ಎನ್ನುವ ಕ್ರಮಕ್ಕೆ ಈ ಸಿಡಿಯೇ ದಾರಿ ಹಾಕಿಕೊಟ್ಟಿತು.

2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮನೆಯ ಚಿಹುವಾಹುವಾ ನಾಯಿಯ ನೆನಪಿಗೆ ‘ಪಪ್ಪಿ’ ಎಂದು ಹೆಸರಿಟ್ಟ ಅವರ ಲಿನಕ್ಸ್, ಸಿಡಿಯಿಂದ ಎದ್ದದ್ದೇ ಇಡಿಯಾಗಿ ರ‍್ಯಾಮ್‌ಗೆ ಹೋಗಿ ಕೂರುತ್ತದೆ. ಹಳೇ ಕಂಪ್ಯೂಟರಿನಲ್ಲಿ ಮೊದಲು ಸುಸ್ತಾಗುವುದು ಪ್ರೊಸೆಸರ್ ಅಲ್ಲ, ತಿರುಗುವ ಹಾರ್ಡ್ ಡಿಸ್ಕ್. ಅದರ ಹಂಗೇ ಬೇಡವೆಂದಮೇಲೆ ಮೂಲೆ ಸೇರಿದ ಪೆಟ್ಟಿಗೆಯಲ್ಲೂ ಕ್ಲಿಕ್ ಮಾಡಿದ್ದು ತಟ್ಟನೆ ತೆರೆಯುತ್ತದೆ. ಮಾಡಿದ ಕೆಲಸವೆಲ್ಲ ಕೊನೆಯಲ್ಲಿ ಒಂದೇ ಫೈಲಿಗೆ ಹೋಗುತ್ತದೆ. ಹಾರ್ಡ್ ಡಿಸ್ಕ್ ಪೂರ್ತಿ ಸತ್ತ ಯಂತ್ರದಲ್ಲೂ ಪಪ್ಪಿ ಓಡುವುದುಂಟು.

ಇವೆಲ್ಲ ಹವ್ಯಾಸಿಗಳ ಲೋಕ. ಸಾಮಾನ್ಯರ ಮನೆಬಾಗಿಲಿಗೆ ಲಿನಕ್ಸ್ ಅಂಚೆಯಲ್ಲಿ ಬಂತು. 2004ರ ಅಕ್ಟೋಬರಿನಲ್ಲಿ ಹೊರಬಂದ ಉಬುಂಟು, ಕೇಳಿದವರಿಗೆಲ್ಲ ಸಿಡಿಯನ್ನು ಬಿಟ್ಟಿ ಕಳಿಸುತ್ತಿತ್ತು, ಅಂಚೆವೆಚ್ಚವೂ ಇಲ್ಲದೆ. 700 ಎಂಬಿ ಇಳಿಸಿಕೊಳ್ಳಲು ದಿನಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ನಮ್ಮ ಕಾಲೇಜುಗಳ ಹಾಸ್ಟೆಲ್‌ಗಳಿಗೆ ಆ ಲಕೋಟೆಗಳು ಬರುತ್ತಿದ್ದದ್ದು ಅನೇಕರಿಗೆ ನೆನಪಿರಬಹುದು. 2011ರಲ್ಲಿ ಆ ಸೇವೆ ನಿಂತಿತು.

ಅದೇ 2011ರಲ್ಲಿ ಇನ್ನೊಂದು ಹೊರಳು. ಉಬುಂಟು ತನ್ನ ‘ಯೂನಿಟಿ’ ಡೆಸ್ಕ್‌ಟಾಪಿಗೆ ಹೋಯಿತು, ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಮೂರನೇ ಆವೃತ್ತಿಗೆ ಬಂತು. ಎರಡೂ ಚೆಂದ, ಎರಡಕ್ಕೂ ಒಳ್ಳೆಯ ಗ್ರಾಫಿಕ್ಸ್ ಬೇಕು. ಹಳೇ ಯಂತ್ರಗಳು ಏದುಸಿರು ಬಿಟ್ಟವು. ಯಾವ ಲಿನಕ್ಸ್ ಹಗುರ ಎಂಬ ಪ್ರಶ್ನೆಯೇ ಅರ್ಧ ತಪ್ಪು ಎನ್ನುವುದು ಆಗ ಬಹಳ ಜನಕ್ಕೆ ಹೊಳೆಯಿತು. ಒಳಗಿನ ತಿರುಳು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಭಾರವಿರುವುದು ಮೇಲೆ ಹೊದ್ದುಕೊಂಡ ಡೆಸ್ಕ್‌ಟಾಪಿನಲ್ಲಿ. 1996ರಷ್ಟು ಹಿಂದೆಯೇ ಫ್ರಾನ್ಸಿನ ಒಲಿವಿಯೆ ಫೂರ್ದಾಂ ಆರಂಭಿಸಿದ್ದ ಎಕ್ಸ್‌ಎಫ್‌ಸಿಇ, 2006ರಲ್ಲಿ ತೈವಾನ್‌ನಿಂದ ಬಂದ ಎಲ್‌ಎಕ್ಸ್‌ಡಿಇ ಇವುಗಳಿಗೆ ಬೆಲೆ ಬಂದದ್ದು ಆಗಲೇ. ಅರ್ಜೆಂಟೀನಾದ ಒಬ್ಬರು ಹಳೆಯ ಗ್ನೋಮನ್ನೇ ಉಳಿಸಿಕೊಂಡು, ತಮ್ಮ ನಾಡಿನ ಪೇಯದ ನೆನಪಿಗೆ ‘ಮಾತೆ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಓದಿದರೆ ಅದು ತಾಯಿಯಾಗುವುದು ಆಕಸ್ಮಿಕ.

2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಹಳೇ ಲ್ಯಾಪ್‌ಟಾಪುಗಳಿಗೆ ಅದರ ಬದಲು ಲಿನಕ್ಸ್ ಹಾಕಲು ಹೊರಟ ಕೆಲವರಿಗೆ ವಿಚಿತ್ರ ಅಡ್ಡಿಯೊಂದು ಎದುರಾಗುತ್ತಿತ್ತು. 2003ರಿಂದ 2005ರ ನಡುವಿನ ಪೆಂಟಿಯಂ ಎಂ ಪ್ರೊಸೆಸರುಗಳಲ್ಲಿ ಹಲವಕ್ಕೆ ಪಿಎಇ ಎಂಬ ಸಾಮರ್ಥ್ಯ ಇತ್ತು, ಆದರೆ ಕೇಳಿದರೆ ‘ಇಲ್ಲ’ ಎನ್ನುತ್ತಿದ್ದವು. 2012ರ ಕೊನೆಯ ಉಬುಂಟು ಪಿಎಇ ಕಡ್ಡಾಯ ಮಾಡಿದ್ದರಿಂದ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಸುಮ್ಮನೆ ಬಾಗಿಲಲ್ಲೇ ನಿಂತವು. 2014ರ ಆವೃತ್ತಿಯಲ್ಲಿ ‘ಫೋರ್ಸ್‌ಪಿಎಇ’ ಎಂಬ ಒಂದು ಪದ ಸೇರಿಸಿದರು. ಅದನ್ನು ಟೈಪಿಸಿದರೆ ಪ್ರೊಸೆಸರ್ ಹೇಳಿದ ಸುಳ್ಳಿಗೆ ಕಿವಿಗೊಡದೆ ಲಿನಕ್ಸ್ ಮುಂದೆ ಹೋಗುತ್ತಿತ್ತು.

ಈಗ ಆಯ್ಕೆ ಅಷ್ಟು ಕಗ್ಗಂಟಲ್ಲ. ಮೊದಲು ನೋಡಬೇಕಾದ್ದು ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ. ಕೋರ್ 2 ಡ್ಯುಯೊ ಆದರೆ ಹೌದು, 2008ರ ಆಸುಪಾಸಿನ ಆಟಮ್ ಎನ್270 ನೆಟ್‌ಬುಕ್ ಆದರೆ ಅಲ್ಲ. ರ‍್ಯಾಮ್ 4 ಜಿಬಿ ಇದ್ದು ಪ್ರೊಸೆಸರ್ 64 ಬಿಟ್ ಆಗಿದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಲೀಸು, 1 ಜಿಬಿಯಾದರೆ ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ಅಥವಾ ಪಪ್ಪಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಚಿಕ್ಕದೊಂದು ಎಸ್‌ಎಸ್‌ಡಿ ತಂದು ಹಾಕಿಸಿದರೆ, ಯಾವ ಲಿನಕ್ಸ್ ಎಂದು ತಿಂಗಳುಗಟ್ಟಲೆ ಚರ್ಚಿಸುವುದಕ್ಕಿಂತ ಹೆಚ್ಚು ಲಾಭ. ಫೈಲುಗಳನ್ನು ಬೇರೆಡೆ ನಕಲು ಮಾಡಿಟ್ಟು, ಲಿನಕ್ಸ್ ಬರೆದ ಪೆನ್‌ಡ್ರೈವ್ ಚುಚ್ಚಿ, ಎಫ್12 ಅಥವಾ ಆ ಯಂತ್ರಕ್ಕೆ ತಕ್ಕ ಕೀಲಿ ಒತ್ತಿ ಎಬ್ಬಿಸಬೇಕು. ‘ಇನ್‌ಸ್ಟಾಲ್’ ಒತ್ತುವ ಮೊದಲು ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ ನೋಡುವುದು ಮುಖ್ಯ. ಬ್ರಾಡ್‌ಕಾಮ್ ವೈಫೈ ಇರುವ ಹಳೇ ಲ್ಯಾಪ್‌ಟಾಪುಗಳು ಡ್ರೈವರ್ ಬೇಡಿ ಸತಾಯಿಸಿದ್ದೇ ಹೆಚ್ಚು.

ಕನ್ನಡದ ಚಿಂತೆ ಬೇಡ. ಗುಬ್ಬಿ, ನವಿಲು, ಲೋಹಿತ್ ಅಕ್ಷರಗಳು ಡೆಬಿಯನ್ ಬಳಗದಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದೆ, ‘ನುಡಿ’ ತಂತ್ರಾಂಶಕ್ಕೆ ಪಳಗಿದ ಬೆರಳಿಗೆ ತೊಡಕಿಲ್ಲ. ಪೇಚಿಗಿಡುವುದು ಯೂನಿಕೋಡ್‌ಗೆ ಮುಂಚಿನ ಕಡತಗಳು. ಬರೆದಾಗ ಬಳಸಿದ ಫಾಂಟ್ ಇಲ್ಲದ ಕಡೆ ಅವು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತವೆ, ಪರಿವರ್ತಿಸಿಯೇ ಬಳಸಬೇಕು. ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ 2010ರ ದಶಕದಲ್ಲಿ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ನಡೆಸಿದ ತರಬೇತಿಗಳಲ್ಲೂ ಉಬುಂಟುವೇ ಇತ್ತು.

ಆದರೆ ಲಿನಕ್ಸ್ ಎಲ್ಲವನ್ನೂ ಸಾಕಿಕೊಂಡು ಕೂತಿಲ್ಲ. 2012ರ ಡಿಸೆಂಬರಿನಲ್ಲಿ ಟೊರ್ವಾಲ್ಡ್ಸ್ 386ರ ಬೆಂಬಲವನ್ನೇ ಕಿತ್ತುಹಾಕಿದರು. ಕಂತು ಕಟ್ಟಿ ಕೊಂಡ ತಮ್ಮ ಮೊದಲ ಯಂತ್ರದಲ್ಲಿ ಇನ್ನು ಹೊಸ ಲಿನಕ್ಸ್ ಏಳುವುದಿಲ್ಲ ಎಂದು ಗೊತ್ತಿದ್ದೂ, ಅದಕ್ಕಾಗಿ ಮರುಗುವವನು ತಾನಲ್ಲ ಎಂದರು. 32 ಬಿಟ್ ಲಿನಕ್ಸ್‌ಗೆ ಗೂಗಲ್ ಕ್ರೋಮ್ 2016ರಲ್ಲೇ ವಿದಾಯ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಹೊಸದಾಗಿ ಹಾಕುವ ಅವಕಾಶವೇ ಇಲ್ಲ. ಅದೇ ವರ್ಷ ಫೈರ್‌ಫಾಕ್ಸ್ ಕೂಡ ಹಿಂದೆ ಸರಿಯಿತು. ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ ‘ಹಳೇ ಕಂಪ್ಯೂಟರ್’ ಎನಿಸಿಕೊಂಡವು ಬೇರೆಯದೇ ಪೀಳಿಗೆಯವು: 64 ಬಿಟ್, 8 ಜಿಬಿ ರ‍್ಯಾಮ್ ಇದ್ದರೂ ವಿಂಡೋಸ್ 11 ಕೇಳುವ ಟಿಪಿಎಂ 2.0 ಇಲ್ಲದವು, ಅಥವಾ ಅದರ ಪ್ರೊಸೆಸರ್ ಪಟ್ಟಿಯಲ್ಲಿ ಹೆಸರಿಲ್ಲದವು. ಲಿನಕ್ಸ್‌ಗೆ ಇವು ಹಳತೇ ಅಲ್ಲ.

ನಿಜವಾಗಿ ಮೈ ಬೆಳೆಸಿಕೊಂಡದ್ದು ಬ್ರೌಸರ್. ಆಂಟಿಎಕ್ಸ್ ತಾನು ನೂರಿನ್ನೂರು ಎಂಬಿಯಲ್ಲಿ ಕೂತಿದ್ದರೂ, ಒಂದು ಸುದ್ದಿತಾಣ ತೆರೆದೊಡನೆ ಅದರ ಹಲವು ಪಟ್ಟು ರ‍್ಯಾಮ್ ಹೋಗುತ್ತದೆ. ಜಾನ್ ಆಂಡ್ರ್ಯೂಸ್‌ಗೂ ಇದು ತಟ್ಟಿತು. ಹದಿನೈದು ವರ್ಷ ಹೆಚ್ಚುಕಡಿಮೆ ಮಲಗಿದ್ದ ಡ್ಯಾಮ್ ಸ್ಮಾಲ್ ಲಿನಕ್ಸನ್ನು 2024ರಲ್ಲಿ ಅವರು ಆಂಟಿಎಕ್ಸ್ ತಳಹದಿಯ ಮೇಲೆ ಮತ್ತೆ ಎಬ್ಬಿಸಿದರು. 50 ಎಂಬಿಯ ಮಾತೇ ಇಲ್ಲ. ಹೊಸ ಮಿತಿ 700 ಎಂಬಿ, ಒಂದು ಸಿಡಿಯಲ್ಲಿ ಹಿಡಿಸುವಷ್ಟು. ಅದನ್ನು ಇಳಿಸಿಕೊಂಡವರು ಬರೆಯುವುದು ಮಾತ್ರ ಪೆನ್‌ಡ್ರೈವ್‌ಗೆ, ಯಾಕೆಂದರೆ ಬರೆಯುವ ಕಂಪ್ಯೂಟರಿನಲ್ಲಿ ಸಿಡಿ ಡ್ರೈವೇ ಇರುವುದಿಲ್ಲ.