ಮೋಟಾರು ಪಂದ್ಯವೂ ಬೀದಿಯ ವೇಗವೂ

ಕ್ರಿಕೆಟ್ಟಿನ ವಿಷಯವಾಗಿ ಬರೆಯುವವನು ಪೀಠಿಕೆ ಹಾಕಬೇಕಾಗಿಲ್ಲ. ಕಬಡ್ಡಿಗೂ ಅದು ಬೇಡ. ಆದರೆ ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ತಾನು ಮೋಟಾರು ಪಂದ್ಯದ ಅಭಿಮಾನಿಯೆಂದು ಹೇಳಿಕೊಂಡರೆ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. "ಇತಿಹಾಸ ಓದುವವನಿಗೆ ಎಂಜಿನ್ನಿನ ಗೊಡವೆ ಏಕೆ?" ಎಂಬುದು ಮೊದಲನೆಯದು. "ಹಾಗಾದರೆ ರಾತ್ರಿ ರಿಂಗ್ ರಸ್ತೆಯಲ್ಲಿ ಗಾಡಿ ಹಾರಿಸುವವರು ನಿಮ್ಮವರೇ ಏನು?" ಎಂಬುದು ಎರಡನೆಯದು. ಮೊದಲನೆಯದನ್ನು ನಗುತ್ತಾ ಕೇಳುತ್ತಾರೆ, ಎರಡನೆಯದನ್ನು ನಗದೆ ಕೇಳುತ್ತಾರೆ. ಈ ಎರಡಕ್ಕೂ ನನಗೆ ತಿಳಿದಮಟ್ಟಿಗೆ ಸಮಾಧಾನ ಹೇಳುವುದೇ ಈ ಲೇಖನದ ಉದ್ದೇಶ.

ಮೋಟಾರು ಪಂದ್ಯವೆಂಬುದು ಒಂದು ಆಟವಲ್ಲ, ಆಟಗಳ ಕುಟುಂಬ. ಮುಚ್ಚಿದ ಪಥದಲ್ಲಿ ಅನೇಕ ಸುತ್ತು ಓಡುವ ಫಾರ್ಮುಲಾ ಕಾರುಗಳ ಪಂದ್ಯ ಒಂದು. ಮೋಟಾರ್ ಸೈಕಲ್ಲುಗಳದು ಮತ್ತೊಂದು. ಮಣ್ಣುದಾರಿ, ತೋಟದ ದಾರಿಗಳಲ್ಲಿ ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸೆಣಸುವ ರ‍್ಯಾಲಿ ಇನ್ನೊಂದು. ಮಕ್ಕಳು ಮೊದಲ ಪಾಠ ಕಲಿಯುವ ಕಾರ್ಟ್ ಎಂಬ ಪುಟ್ಟ ಗಾಡಿಗಳದು ಬೇರೆಯೇ ಒಂದು. ಇವುಗಳಲ್ಲಿ ಹೆಚ್ಚು ಹೆಸರಾದ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು ೧೯೫೦ನೆಯ ಮೇ ೧೩ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಅದು ಯುದ್ಧಕಾಲದ ವಿಮಾನ ನಿಲ್ದಾಣ. ನಮ್ಮ ದೇಶದ ಕಥೆಯೂ ಹಾಗೆಯೇ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ಮಹಾಯುದ್ಧದ ಕಾಲದ ವಿಮಾನಪಟ್ಟಿಯೇ ಪಂದ್ಯಪಥವಾಯಿತು. ೧೯೬೧ರಿಂದ ೧೯೯೬ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳು ಅಲ್ಲಿ ಓಡಿದುವು. ಯುದ್ಧ ಬಿಟ್ಟುಹೋದ ಕಾಂಕ್ರೀಟಿನ ಮೇಲೆ ಈ ಆಟ ಬೆಳೆಯಿತೆಂಬುದು ಇತಿಹಾಸದ ವಿದ್ಯಾರ್ಥಿಗೆ ಸ್ವಾರಸ್ಯವಾದ ಸಂಗತಿಯಲ್ಲವೆ? ಮೊದಲನೆಯ ಪ್ರಶ್ನೆಗೆ ಇದೇ ಅರ್ಧ ಉತ್ತರ.

ಇನ್ನು ಅಭಿಮಾನಿಯ ದಿನಚರಿ. ನಮ್ಮ ಇಟ್ಟಮಡು ಕತ್ರಿಗುಪ್ಪೆಗೂ ಹೊಸಕೆರೆಹಳ್ಳಿಗೂ ಹತ್ತಿರ, ಹೊರ ವರ್ತುಲ ರಸ್ತೆಯ ಮಗ್ಗುಲಲ್ಲಿದೆ. ಬಿಡುವಿರುವ ಜಾಗವೆಲ್ಲ ಕ್ರಿಕೆಟ್ಟಿಗೆ ಮೀಸಲಾದ ಊರಿನಲ್ಲಿ ನಾವು ಮೂರು ನಾಲ್ಕು ಮಂದಿ ಅಲ್ಪಸಂಖ್ಯಾತರು. ನಮಗೆ ಎರಡು ಪಂಚಾಂಗಗಳು ಬೇಕು: ಗೋಡೆಯ ಮೇಲಿನದೊಂದು, ಪಂದ್ಯಗಳದೊಂದು. ಯೂರೋಪಿನ ಪಂದ್ಯಗಳಲ್ಲಿ ಬಹುಪಾಲು ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ, ತೊಂದರೆಯಿಲ್ಲ. ಆಸ್ಟ್ರೇಲಿಯ, ಜಪಾನುಗಳದು ಬೆಳಗಿನ ತಿಂಡಿಯ ಹೊತ್ತು. ಅಮೆರಿಕದ ಆಸ್ಟಿನ್, ಮೆಕ್ಸಿಕೊಗಳದು ನಡುರಾತ್ರಿ ಕಳೆದ ಮೇಲೆ. ಆಗ ಮನೆಯವರ ನಿದ್ದೆ ಕೆಡದಂತೆ ಮೊಬೈಲನ್ನು ಹೊದಿಕೆಯೊಳಗಿಟ್ಟುಕೊಂಡು ನೋಡಬೇಕು. ಸೋಮವಾರದ ಮೊದಲ ತರಗತಿಯಲ್ಲಿ ಆಕಳಿಕೆಯನ್ನು ಪುಸ್ತಕದ ಮರೆಯಲ್ಲಿ ನುಂಗಬೇಕು. ನಮ್ಮ ಅಜ್ಜಿ ಒಂದು ದಿನ ಪಕ್ಕದಲ್ಲಿ ಕುಳಿತು ಹತ್ತು ಸುತ್ತು ನೋಡಿ, "ಸುತ್ತಿದ್ದನ್ನೇ ಸುತ್ತುತ್ತಾರಲ್ಲೋ! ಇಷ್ಟು ಸಲ ದೇವಸ್ಥಾನ ಸುತ್ತಿದ್ದರೆ ಪುಣ್ಯವಾದರೂ ಬರುತ್ತಿತ್ತು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಸುತ್ತಿದ್ದನ್ನೇ ಸುತ್ತುವಾಗ ನೋಡತಕ್ಕದ್ದೇನು ಎಂಬುದನ್ನು ನನಗೆ ಕಲಿಸಿದವರು ನಮ್ಮ ಬೀದಿಯ ಗ್ಯಾರೇಜಿನ ಮೆಕ್ಯಾನಿಕ್ ಅಣ್ಣ. ಸ್ಕೂಟರಿನ ಟೈರನ್ನು ಬೆರಳಿನಿಂದ ಸವರಿ, "ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಎರಡು ಅಂಚೂ ಸವೆದಿದ್ದರೆ ಗಾಳಿ ಕಡಿಮೆಯಾಗಿದೆ" ಎಂದು ಅವರು ಹೇಳುತ್ತಾರೆ. ಪಂದ್ಯದ ಗುಟ್ಟೂ ಬಹುಮಟ್ಟಿಗೆ ಟೈರಿನಲ್ಲೇ ಇದೆ. ಮೃದುವಾದ ಟೈರಿಗೆ ಕೆಂಪು ಗುರುತು, ಮಧ್ಯಮಕ್ಕೆ ಹಳದಿ, ಗಟ್ಟಿಯದಕ್ಕೆ ಬಿಳಿ. ಮೃದು ಟೈರು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ನಿಧಾನ, ಆದರೆ ಬಾಳಿಕೆ ಹೆಚ್ಚು. ಒಣ ನೆಲದ ಪಂದ್ಯದಲ್ಲಿ ಕಡೆಯಪಕ್ಷ ಎರಡು ಬಗೆಯ ಟೈರು ಬಳಸಲೇಬೇಕೆಂದು ನಿಯಮ. ಆದ್ದರಿಂದ ಸುಮಾರು ೩೦೦ ಕಿಲೋಮೀಟರಿನ ಪಂದ್ಯವನ್ನು ಗೆಲ್ಲುವವನು ಸದಾ ವೇಗವಾಗಿ ಹೋಗುವವನಲ್ಲ. ಒಂದನೆಯ ತಾರೀಖಿನ ಸಂಬಳವನ್ನು ಮೂವತ್ತನೆಯ ತಾರೀಖಿನವರೆಗೆ ತೂಗಿಸುವ ಗೃಹಿಣಿಯಂತೆ, ರಬ್ಬರನ್ನೂ ಇಂಧನವನ್ನೂ ಲೆಕ್ಕವಿಟ್ಟು ಖರ್ಚುಮಾಡುವವನು ಗೆಲ್ಲುತ್ತಾನೆ.

ಎರಡನೆಯದಾಗಿ ನೋಡತಕ್ಕದ್ದು ನಿಯಮಪಾಲನೆ. ಹಳದಿ ಬಾವುಟ ಕಂಡರೆ ವೇಗ ತಗ್ಗಿಸಬೇಕು, ಮುಂದಿನವನನ್ನು ಹಿಂದೆ ಹಾಕಕೂಡದು. ನೀಲಿ ಬಾವುಟ ತೋರಿಸಿದರೆ, ತನಗಿಂತ ಒಂದು ಸುತ್ತು ಮುಂದಿರುವವನಿಗೆ ದಾರಿ ಬಿಡಬೇಕು. ಕೆಂಪು ಬಾವುಟ ಬಂದರೆ ಪಂದ್ಯವೇ ನಿಲ್ಲುತ್ತದೆ. ಗಂಟೆಗೆ ೩೦೦ ಕಿಲೋಮೀಟರಿಗೂ ಮೀರಿ ಓಡುವ ಕಾರು ಟೈರು ಬದಲಿಸಲು ಪಿಟ್ ಓಣಿಗೆ ಬಂದಾಗ ಸಾಮಾನ್ಯವಾಗಿ ೮೦ ಕಿಲೋಮೀಟರನ್ನು ದಾಟುವಂತಿಲ್ಲ. ಇಕ್ಕಟ್ಟಾದ ಮೊನಾಕೊದಲ್ಲಿ ೬೦. ದಾಟಿದರೆ ದಂಡನೆ. ೨೦೨೩ರಲ್ಲಿ ಕತಾರಿನ ಪಂದ್ಯದಲ್ಲಿ ಮೆಕ್ಲಾರೆನ್ ತಂಡದವರು ನಾಲ್ಕು ಚಕ್ರಗಳನ್ನೂ ೧.೮೦ ಸೆಕೆಂಡಿನಲ್ಲಿ ಬದಲಿಸಿದರು. ಅಲ್ಲಿ ಚಾಲಕನದು ಒಂದೇ ಕೆಲಸ: ಗೆರೆಯ ಮೇಲೆ ನಿಂತು, ಅಪ್ಪಣೆಯಾಗುವ ತನಕ ಅಲುಗದಿರುವುದು.

ಈ ಆಟದಲ್ಲಿ ಸಾವಿಲ್ಲವೆಂದು ಹೇಳುವ ಅಭಿಮಾನಿಯನ್ನು ನಂಬಬೇಡಿ. ೧೯೫೫ರ ಜೂನಿನಲ್ಲಿ ಫ್ರಾನ್ಸಿನ ಲೆಮಾನ್‌ನಲ್ಲಿ ಕಾರೊಂದು ಜನರ ನಡುವೆ ಸಿಡಿದು ೮೦ಕ್ಕೂ ಹೆಚ್ಚು ಮಂದಿ ಸತ್ತರು. ಎರಡು ವರ್ಷಗಳ ಬಳಿಕ ಇಟಲಿಯ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ರಸ್ತೆಬದಿಯಲ್ಲಿ ನಿಂತಿದ್ದ ಮಕ್ಕಳೂ ಬಲಿಯಾದರು. ಸಾರ್ವಜನಿಕ ರಸ್ತೆಗಳಲ್ಲಿ ನಡೆಯುತ್ತಿದ್ದ ಆ ಪ್ರಸಿದ್ಧ ವೇಗದ ಪಂದ್ಯ ಅಲ್ಲಿಗೆ ಕೊನೆಗೊಂಡಿತು. ೧೯೯೪ರಲ್ಲಿ ಇಮೋಲಾದ ಪಥದಲ್ಲಿ ಎರಡು ದಿನಗಳಲ್ಲಿ ರಾಟ್ಜೆನ್‌ಬರ್ಗರ್ ಮತ್ತು ಸೆನ್ನಾ ತೀರಿಕೊಂಡರು. ಪ್ರತಿಯೊಂದು ಸಾವಿನ ಹಿಂದೆಯೂ ಒಂದು ವಿಚಾರಣೆ, ಒಂದು ತಿದ್ದುಪಡಿ ಬಂದಿತು. ಚಾಲಕನ ತಲೆಯ ಸುತ್ತ ಹೇಲೋ ಎಂಬ ಲೋಹದ ಕಮಾನನ್ನು ೨೦೧೮ರಲ್ಲಿ ಕಡ್ಡಾಯ ಮಾಡಿದಾಗ, ನೋಡಲು ವಿಕಾರವೆಂದು ಅನೇಕರು ಗೊಣಗಿದರು. ೨೦೨೦ರಲ್ಲಿ ಬಹರೈನಿನಲ್ಲಿ ಗ್ರೋಜಾನನ ಕಾರು ತಡೆಗೋಡೆಯನ್ನು ಸೀಳಿ ಎರಡು ತುಂಡಾಗಿ ಹೊತ್ತಿ ಉರಿಯಿತು. ಆ ಕಮಾನಿನ ದೆಸೆಯಿಂದ ಅವನು ಅರ್ಧ ನಿಮಿಷದೊಳಗೆ ಬೆಂಕಿಯಿಂದ ಎದ್ದು ಬಂದ. ಗೊಣಗಿದವರು ಸುಮ್ಮನಾದರು. ಆದರೂ ಕೆಲಸ ಮುಗಿದಿಲ್ಲ. ೨೦೨೩ರ ಆಗಸ್ಟಿನಲ್ಲಿ ಮದ್ರಾಸಿನ ಪಥದಲ್ಲಿ ನಮ್ಮ ಬೆಂಗಳೂರಿನ ೧೩ ವರ್ಷದ ಬಾಲಕ ಸವಾರನೊಬ್ಬ ಬಿದ್ದು ಮೃತನಾದ. ಎಳೆಯರನ್ನು ಯಾವ ವಯಸ್ಸಿನಲ್ಲಿ, ಎಷ್ಟು ಶಕ್ತಿಯ ಗಾಡಿಯ ಮೇಲೆ ಪಂದ್ಯಕ್ಕೆ ಇಳಿಸಬೇಕೆಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ಈ ಆಟವನ್ನು ಪ್ರೀತಿಸುವವರೇ.

ಈಗ ರಿಂಗ್ ರಸ್ತೆಗೆ ಬರೋಣ. ರಾತ್ರಿ ಹನ್ನೊಂದರ ಮೇಲೆ ಸೈಲೆನ್ಸರ್ ಕಿತ್ತ ಬೈಕುಗಳ ಸದ್ದು ನಮ್ಮ ಮನೆಯವರೆಗೂ ಕೇಳುತ್ತದೆ. ಅದನ್ನು ನೆರೆಹೊರೆಯವರು 'ರೇಸು' ಎನ್ನುತ್ತಾರೆ. ಅದು ರೇಸಲ್ಲ. ಪಂದ್ಯಪಥದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಬಿದ್ದವನು ಜಾರಿಕೊಂಡು ಹೋಗಲು ಖಾಲಿ ಜಾಗವುಂಟು, ತಿರುವುಗಳಲ್ಲಿ ಬಾವುಟ ಹಿಡಿದವರುಂಟು, ವೈದ್ಯರುಂಟು. ರಿಂಗ್ ರಸ್ತೆಯಲ್ಲಿ ಇರುವುದು ವಿಭಜಕದ ಕಲ್ಲು, ದೀಪದ ಕಂಬ ಮತ್ತು ಜನ. ವೇಗ ಎರಡರಷ್ಟಾದರೆ ಬ್ರೇಕು ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಅರವತ್ತರ ವೇಗದಲ್ಲಿ ಹೋಗುವವನು, ಬ್ರೇಕಿನ ಮೇಲೆ ಕೈಯಿಡುವ ಮೊದಲಿನ ಒಂದು ಸೆಕೆಂಡಿನಲ್ಲೇ ೧೬ ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತಾನೆ. ಪಂದ್ಯದ ಚಾಲಕನು ಅಪಾಯವನ್ನು ತಿಳಿದು ಸಹಿ ಹಾಕಿ ಇಳಿಯುತ್ತಾನೆ. ಪಾಳಿ ಮುಗಿಸಿ ರಸ್ತೆ ದಾಟುವ ಗಾರ್ಮೆಂಟ್ಸಿನ ಹೆಂಗಸು, ನಸುಕಿನಲ್ಲಿ ಹಾಲು ತರುವ ಹುಡುಗ, ಇವರು ಯಾವ ಪಂದ್ಯಕ್ಕೂ ಹೆಸರು ಕೊಟ್ಟವರಲ್ಲ.

ಹಾಗೆಂದು ಬೈದು ಕೈತೊಳೆದುಕೊಂಡರೆ ಸಾಲದು. ವೇಗದ ಆಸೆ ಹರೆಯಕ್ಕೆ ಸಹಜ. ಅದಕ್ಕೊಂದು ನೆಲೆ ಬೇಕು. ನಮ್ಮಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ ೨೦೧೫ರಲ್ಲಿ ಅತಿ ಕಠಿಣವಾದ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಇದೇ ಊರಿನ ಐಶ್ವರ್ಯಾ ಪಿಸ್ಸೆ ೨೦೧೯ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಕುಶ್ ಮೈನಿ ೨೦೨೫ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ ೨ ಪಂದ್ಯವೊಂದನ್ನು ಗೆದ್ದರು. ಕಾಸರಗೋಡಿನ ಮೂಸಾ ಷರೀಫರು ರ‍್ಯಾಲಿ ಕಾರಿನಲ್ಲಿ ಚಾಲಕನ ಪಕ್ಕ ಕುಳಿತು, ಮುಂದಿನ ತಿರುವನ್ನು ಟಿಪ್ಪಣಿ ನೋಡಿ ಓದಿ ಹೇಳುವ ಸಹಚಾಲಕರಾಗಿ ಹೆಸರು ಗಳಿಸಿದ್ದಾರೆ. ಸರಿಯಾದ ಶಬ್ದವನ್ನು ಸರಿಯಾದ ಕ್ಷಣದಲ್ಲಿ ಆಡುವುದೇ ಅಲ್ಲಿನ ವಿದ್ಯೆ. ಕಲಾ ವಿದ್ಯಾರ್ಥಿಗೆ ಈ ಆಟದಲ್ಲಿ ಏನು ಕೆಲಸವೆಂಬ ಪ್ರಶ್ನೆಗೆ ಉಳಿದರ್ಧ ಉತ್ತರ ಇದು.

ಇಷ್ಟೆಲ್ಲ ಇದ್ದೂ ಬೆಂಗಳೂರಿನಲ್ಲಿ ಕಾರ್ಟ್ ಪಥಗಳಿವೆಯೇ ಹೊರತು ಪೂರ್ಣ ಪ್ರಮಾಣದ ಪಂದ್ಯಪಥವಿಲ್ಲ. ೧೯೯೦ರಲ್ಲಿ ಆರಂಭವಾದ ಮದ್ರಾಸಿನ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗಬೇಕು. ಅದು ಹಣವಂತರ ಮಕ್ಕಳಿಗೆ ಮಾತ್ರ ಸಾಧ್ಯ. ಗ್ರೇಟರ್ ನೋಯ್ಡಾದಲ್ಲಿ ೨೦೧೧ರಿಂದ ೨೦೧೩ರವರೆಗೆ ಫಾರ್ಮುಲಾ ಒನ್ ನಡೆದು, ಇದು ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆಯ ತಕರಾರಿನಲ್ಲಿ ನಿಂತುಹೋಯಿತು. ಅಂತಹ ವೈಭವ ನಮಗೆ ಬೇಡ. ಊರ ಹೊರಗೆ ಒಂದು ಸರಳವಾದ ಪಥ, ಅಲ್ಲಿ ಶಿರಸ್ತ್ರಾಣವಿಲ್ಲದೆ ಒಳಗೆ ಬಿಡದ ಕಾವಲುಗಾರ, ಬ್ರೇಕು ಹಾಕುವುದನ್ನು ಮೊದಲು ಕಲಿಸಿ ವೇಗವನ್ನು ಆಮೇಲೆ ಕಲಿಸುವ ಶಿಕ್ಷಕ, ಬಡವರ ಮಕ್ಕಳಿಗೂ ಎಟಕುವ ಶುಲ್ಕ, ಇಷ್ಟು ಸಾಕು. ಅದು ಬರುವವರೆಗೆ ನಾವು ಇಟ್ಟಮಡುವಿನ ಅಭಿಮಾನಿಗಳು ಮಾಡಬಹುದಾದ ಕೆಲಸವೊಂದುಂಟು: ಭಾನುವಾರ ಸಂಜೆ ಆರೂವರೆಗೆ, ರಾತ್ರಿ ಗಾಡಿ ಹಾರಿಸುವ ಗೆಳೆಯನನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು, ಹಳದಿ ಬಾವುಟ ಬಂದಾಗ ಜಗತ್ತಿನ ಅತಿ ವೇಗದ ಚಾಲಕರು ಹೇಗೆ ನಿಧಾನವಾಗುತ್ತಾರೆಂಬುದನ್ನು ತೋರಿಸುವುದು.