ಬಾಯ್ಲರ್ ಕೋಳಿಯ ಎದೆಯೊಳಗೆ

ಬಾಯ್ಲರ್ ಕೋಳಿ ಇಷ್ಟು ಬೇಗ ದಪ್ಪಗಾಗುವುದು ಹಾರ್ಮೋನ್ ಇಂಜೆಕ್ಷನ್‌ನಿಂದ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಆರು ವಾರದಲ್ಲಿ ಎರಡು ಕಿಲೋ ಮುಟ್ಟುವ ಹಕ್ಕಿಯನ್ನು ಕಂಡವರಿಗೆ ಅನುಮಾನ ಬರುವುದು ಸಹಜವೇ. ಆದರೆ ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಫೀಡಿನಲ್ಲಿ ಬೆರೆಸಿ ಕೊಟ್ಟರೆ ಸೋಯಾ ಹಿಂಡಿಯ ಪ್ರೋಟೀನಿನ ಜೊತೆಗೇ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಚುಚ್ಚಿದರೂ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ದಿನಕ್ಕೆ ಹಲವು ಸಲ ಚುಚ್ಚಬೇಕಾಗುತ್ತದೆ. ಸಾವಿರಾರು ಕೋಳಿಗಳಿರುವ ಶೆಡ್ಡಿನಲ್ಲಿ ಅದು ಯಾವ ಸಾಕಣೆದಾರನಿಂದಲೂ ಆಗುವ ಕೆಲಸವಲ್ಲ. ಮರಿಗಳಿಗೆ ಕೊಡುವುದು ಕೊಕ್ಕರೆ ರೋಗ, ಗುಂಬೋರೊ ಮುಂತಾದವುಗಳ ಲಸಿಕೆ. ಅದೂ ಬಹುಪಾಲು ಕಣ್ಣಿಗೆ ಹನಿ ಬಿಟ್ಟು, ಇಲ್ಲವೇ ಕುಡಿಯುವ ನೀರಿನಲ್ಲಿ ಕಲಸಿ.

ನಾವು ನಿಜವಾಗಿ ಚಿಂತಿಸಬೇಕಾದದ್ದು ಆಂಟಿಬಯಾಟಿಕ್ ಬಗ್ಗೆ. ಮನುಷ್ಯರಿಗೆ ಬೇರಾವ ಔಷಧವೂ ನಾಟದಿದ್ದಾಗ ವೈದ್ಯರು ಕೊನೆಯದಾಗಿ ಕೈಹಾಕುವ ಕೊಲಿಸ್ಟಿನ್ ಅನ್ನು ಕೋಳಿಗಳ ತೂಕ ಹೆಚ್ಚಿಸಲೂ ಬಳಸಲಾಗುತ್ತಿತ್ತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡದಂತೆ ನಿಷೇಧಿಸಿತು. ಇಲ್ಲದ ಇಂಜೆಕ್ಷನ್‌ಗೆ ಹೆದರುತ್ತಾ ಕೂತರೆ ಇಂಥ ನಿಜವಾದ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ಹಾರ್ಮೋನಿನಿಂದಲ್ಲ ಎಂದಾದರೆ ಬೆಳವಣಿಗೆಯ ಈ ವೇಗ ಬಂದದ್ದು ಎಲ್ಲಿಂದ? ತಳಿ ಆಯ್ಕೆಯಿಂದ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಒಂದು ದೊಡ್ಡ ದಿನಸಿ ಅಂಗಡಿ ಸರಣಿ ಅಲ್ಲಿನ ಕೃಷಿ ಇಲಾಖೆಯ ಜೊತೆ ಸೇರಿ ‘ನಾಳೆಯ ಕೋಳಿ’ ಎಂಬ ಸ್ಪರ್ಧೆ ನಡೆಸಿತು. ತಳಿಗಾರರು ಕಳಿಸಿದ ಮೊಟ್ಟೆಗಳಿಂದ ಒಂದೇ ಕಡೆ ಮರಿ ಮಾಡಿಸಿ, ಎಲ್ಲಕ್ಕೂ ಒಂದೇ ಫೀಡು ಹಾಕಿ ಬೆಳೆಸಿ, ಕೊನೆಗೆ ಮಾಂಸ ನೋಡಿ ಅಂಕ ಕೊಟ್ಟರು. ತೀರ್ಪುಗಾರರು ಮುಖ್ಯವಾಗಿ ಹುಡುಕಿದ್ದು ತುಂಬಿದ ಅಗಲ ಎದೆಯನ್ನು. 1948ರ ಅಂತಿಮ ಸುತ್ತಿನಲ್ಲಿ ಗೆದ್ದದ್ದು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಮಿಶ್ರಣ. ಅಲ್ಲಿಂದಾಚೆಗೆ ಪ್ರತಿ ಪೀಳಿಗೆಯಲ್ಲೂ ಬೇಗ ಬೆಳೆದ, ಎದೆ ತುಂಬಿದ, ಕಡಿಮೆ ತಿಂದ ಹಕ್ಕಿಗಳನ್ನೇ ಆಯ್ದು ಕೂಡಿಸುತ್ತಾ ಬಂದರು. ಕೋಳಿಯ ಪೀಳಿಗೆ ಚಿಕ್ಕದು, ಒಂದು ಹೇಂಟೆ ಕೊಡುವ ಮರಿಗಳೋ ನೂರಕ್ಕೂ ಹೆಚ್ಚು. ಆಯ್ಕೆಯ ಫಲ ಬೇಗ ಕಾಣಿಸಿಕೊಂಡಿತು.

ಎಷ್ಟರ ಮಟ್ಟಿಗೆ ಎಂಬುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮಾರ್ಟಿನ್ ಜೈಡಾಫ್ ಮತ್ತು ಸಂಗಡಿಗರು ಬಹಳ ಸೊಗಸಾಗಿ ತೋರಿಸಿದರು. 1957 ಮತ್ತು 1978ರ ಮಾಂಸದ ತಳಿಗಳನ್ನು ಅಲ್ಲಿ ಯಾವ ಆಯ್ಕೆಯನ್ನೂ ಮಾಡದೆ ಇದ್ದಂತೆಯೇ ಉಳಿಸಿಕೊಂಡು ಬಂದಿದ್ದರು. ಅವುಗಳ ಜೊತೆ 2005ರ ಮಾರುಕಟ್ಟೆ ತಳಿಯೊಂದನ್ನು ಸೇರಿಸಿ, ಮೂರಕ್ಕೂ ಒಂದೇ ಫೀಡು ಹಾಕಿ ಸಾಕಿದರು. 56ನೇ ದಿನ ತೂಕ ಹಾಕಿದಾಗ 1957ರ ಕೋಳಿ 905 ಗ್ರಾಂ, 1978ರದು 1,808 ಗ್ರಾಂ, 2005ರದು 4,202 ಗ್ರಾಂ. ಶೆಡ್ಡು ಒಂದೇ, ಫೀಡು ಒಂದೇ. ವ್ಯತ್ಯಾಸ ಇದ್ದದ್ದು ವಂಶವಾಹಿಯಲ್ಲಿ ಮಾತ್ರ. 2014ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಮ್ಮ ಶಾಲೆಗಳ ಜೀವಶಾಸ್ತ್ರ ಪುಸ್ತಕಗಳಲ್ಲಿ ಸೇರಿಸಬೇಕು ಎಂಬುದು ನನ್ನ ಆಸೆ. ತಳಿ ಆಯ್ಕೆಯ ಬಲವನ್ನು ಇಷ್ಟು ಸರಳವಾಗಿ ತೋರಿಸುವ ಉದಾಹರಣೆ ಬೇರೊಂದು ಸಿಗುವುದು ಕಷ್ಟ.

ಇಷ್ಟು ಬೆಳೆದದ್ದಕ್ಕೆ ಕೋಳಿಯ ಮೈ ಏನು ತೆತ್ತಿತು? ಉತ್ತರ ಎದೆಯ ಸ್ನಾಯುವಿನಲ್ಲಿದೆ. ಮರಿ ಮೊಟ್ಟೆಯಿಂದ ಹೊರಬರುವ ಹೊತ್ತಿಗೆ ಅದರ ಸ್ನಾಯುವಿನ ಎಳೆಗಳ ಸಂಖ್ಯೆ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿರುತ್ತದೆ. ಆಮೇಲೆ ಹೊಸ ಎಳೆ ಹುಟ್ಟುವುದಿಲ್ಲ, ಇದ್ದ ಎಳೆಗಳೇ ದಪ್ಪಗಾಗುತ್ತವೆ. ಎದೆಯ ಎಳೆಗಳೋ ರೆಕ್ಕೆ ಬಡಿಯುವ ಒಂದೆರಡು ಕ್ಷಣಕ್ಕೆಂದು ಇರುವಂಥವು. ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಅಲ್ಲಿ ಕಡಿಮೆ, ಅದಕ್ಕೇ ಆ ಮಾಂಸ ಬಿಳಿ. ಇಡೀ ದಿನ ಓಡಾಡುವ ಕಾಲಿನ ಮಾಂಸಕ್ಕೆ ಹೆಚ್ಚು ರಕ್ತ, ಗಾಢ ಬಣ್ಣ. ಎದೆಯ ಎಳೆಗಳು ಮಿತಿಮೀರಿ ಉಬ್ಬಿದಾಗ ಅವುಗಳ ನಡುವೆ ಹರಿಯುವ ಸೂಕ್ಷ್ಮ ರಕ್ತನಾಳಗಳಿಗೆ ಜಾಗ ಸಾಲುವುದಿಲ್ಲ. ಹಳೇ ಪೇಟೆಯಲ್ಲಿ ಮನೆಗಳೆಲ್ಲ ಮುಂದಕ್ಕೆ ಮುಂದಕ್ಕೆ ಬಂದು ಗಲ್ಲಿ ಮುಚ್ಚಿದರೆ ನೀರಿನ ಗಾಡಿ ಒಳಗೆ ಬರಲಾಗದಿರುವ ಹಾಗೆ, ಆಮ್ಲಜನಕ ಒಳಗೆ ತಲುಪುವುದಿಲ್ಲ, ಕಸ ಹೊರಗೆ ಹೋಗುವುದಿಲ್ಲ. ಎಳೆಗಳು ಸಾಯತೊಡಗುತ್ತವೆ. ದೇಹ ರಿಪೇರಿಗೆ ಹೊರಡುತ್ತದೆ, ಆದರೆ ಸ್ನಾಯು ಮರಳಿ ಕಟ್ಟಿಕೊಳ್ಳುವಷ್ಟು ಪುರುಸೊತ್ತು ಸಿಗದೆ ಆ ಜಾಗದಲ್ಲಿ ಕೊಲಾಜೆನ್ ನಾರು ಮತ್ತು ಕೊಬ್ಬು ತುಂಬಿಕೊಳ್ಳುತ್ತವೆ.

ಇದರ ಫಲವನ್ನು ಬೆರಳಿನಿಂದಲೇ ಒತ್ತಿ ನೋಡಬಹುದು. ಎದೆಯ ಮಾಂಸ ಹಲಗೆಯಂತೆ ಸೆಟೆದು, ಮೇಲೆ ಅಂಟು ದ್ರವ ಇಲ್ಲವೇ ರಕ್ತದ ಚುಕ್ಕೆ ಇದ್ದರೆ ಅದು ‘ವುಡನ್ ಬ್ರೆಸ್ಟ್’. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಎಳೆಗಳ ಉದ್ದಕ್ಕೂ ಕೊಬ್ಬಿನ ಬಿಳಿ ಗೆರೆ ಎದ್ದರೆ ‘ವೈಟ್ ಸ್ಟ್ರೈಪಿಂಗ್’. ಮಾಂಸ ಶ್ಯಾವಿಗೆಯಾಗಿ ಬಿಡಿಬಿಡಿಯಾಗಿ ಕಿತ್ತುಬಂದರೆ ‘ಸ್ಪಾಗೆಟಿ ಮೀಟ್’. ತಿಂದವರಿಗೆ ರೋಗ ಬರುವುದಿಲ್ಲ. ಆದರೆ ಪ್ರೋಟೀನು ಕಡಿಮೆ, ಕೊಬ್ಬು ಹೆಚ್ಚು, ಮಸಾಲೆ ಹಿಡಿಯುವುದಿಲ್ಲ, ಬೇಯಿಸಿದರೆ ನೀರೆಲ್ಲ ಬಿಟ್ಟು ರಬ್ಬರಾಗುತ್ತದೆ. ತೂಕ ಹೆಚ್ಚಿದಷ್ಟೂ ಈ ದೋಷ ಹೆಚ್ಚು. ಹೆಚ್ಚು ಭಾರಕ್ಕೆ ಬೆಳೆಸಿ ಎದೆ ಮಾಂಸವನ್ನೇ ಬೇರೆಯಾಗಿ ಮಾರುವ ದೇಶಗಳಲ್ಲಿ ಇದು ದೊಡ್ಡ ತಲೆನೋವು. ನಮ್ಮಲ್ಲಿ ಎರಡು ಕಿಲೋ ಆಸುಪಾಸಿನಲ್ಲೇ ಕೊಯ್ಯುವುದರಿಂದ ಸದ್ಯಕ್ಕೆ ಅಷ್ಟು ಕಾಟವಿಲ್ಲ. ಬೋನ್‌ಲೆಸ್‌ಗೆ ಬೇಡಿಕೆ ಬೆಳೆಯುತ್ತಿರುವ ಬೆಂಗಳೂರಿನಲ್ಲಿ ಮುಂದೆಯೂ ಹೀಗೇ ಇರುತ್ತದೆ ಎನ್ನಲಾಗದು.

ನಮ್ಮ ಅಂಗಡಿಗಳ ಸಮಸ್ಯೆ ಬೇರೆ. ಬದುಕಿರುವ ಸ್ನಾಯುವಿನ ಪಿಹೆಚ್ ಸುಮಾರು 7.2. ಕೊಯ್ದ ಮೇಲೆ ಸ್ನಾಯುವಿನೊಳಗಿನ ಗ್ಲೈಕೋಜೆನ್ ಲ್ಯಾಕ್ಟಿಕ್ ಆಮ್ಲವಾಗಿ, ಕೆಲವು ಗಂಟೆಗಳಲ್ಲಿ ಅದು 5.8ರ ಆಸುಪಾಸಿಗೆ ಇಳಿಯುತ್ತದೆ. ನಿಧಾನವಾಗಿ ಇಳಿದರೆ ಮಾಂಸ ನೀರು ಹಿಡಿದುಕೊಂಡು ಮೆದುವಾಗಿರುತ್ತದೆ. ಬೇಸಿಗೆಯ ಬಿಸಿಲಲ್ಲಿ ಕ್ರೇಟಿನೊಳಗೆ ಏದುಸಿರು ಬಿಡುತ್ತಾ, ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿಸಿಕೊಂಡು ಒದ್ದಾಡಿದ ಹಕ್ಕಿಯಲ್ಲಿ ಆಮ್ಲ ಬಹುಬೇಗ ಏರುತ್ತದೆ. ಮೈ ಇನ್ನೂ ಬಿಸಿಯಾಗಿರುವಾಗಲೇ ಆಮ್ಲ ಏರಿದರೆ ಪ್ರೋಟೀನುಗಳು ಕೆಡುತ್ತವೆ, ಮಾಂಸ ಬಿಳಿಚಿಕೊಂಡು ನೀರು ಸೋರುತ್ತದೆ. ಹಕ್ಕಿಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ಗಾಬರಿಯಿಲ್ಲದೆ ಇಡುವುದು ಕರುಣೆಯ ಕೆಲಸ, ರುಚಿಯ ಕೆಲಸವೂ ಹೌದು.

ಇನ್ನೊಂದು ತಪ್ಪು ನಮ್ಮ ಆತುರದ್ದು. ಕಣ್ಣೆದುರೇ ಕೊಯ್ಯಿಸಿ, ಬಿಸಿಯಿರುವಾಗಲೇ ತುಂಡು ಮಾಡಿಸಿ, ಮನೆಗೆ ತಂದು ಒಲೆಗೇರಿಸುತ್ತೇವೆ. ಸತ್ತ ಮೇಲೆ ಸ್ನಾಯು ಸೆಟೆಯುತ್ತದೆ. ಮೂಳೆಗೆ ಅಂಟಿಕೊಂಡಿದ್ದರೆ ಹೆಚ್ಚು ಕುಗ್ಗುವುದಿಲ್ಲ, ಮೂಳೆಯಿಂದ ಬಿಡಿಸಿಬಿಟ್ಟರೆ ಎಳೆಗಳು ಮುದುಡಿ ಮಾಂಸ ಗಡಸಾಗುತ್ತದೆ. ಎದೆ ಮಾಂಸವನ್ನು ಮೂಳೆಯಿಂದ ಬಿಡಿಸಲು ಕೊಯ್ದ ಮೇಲೆ ಸುಮಾರು ನಾಲ್ಕು ಗಂಟೆ ಕಾಯಬೇಕೆಂದು ಮಾಂಸ ವಿಜ್ಞಾನಿಗಳು ಹೇಳುವುದು ಇದಕ್ಕೇ. ಸಾಧ್ಯವಾದರೆ ಇಡೀ ಕೋಳಿ ತಂದು, ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ನಾಲ್ಕೈದು ಗಂಟೆಯ ಮೇಲೆ ತುಂಡು ಮಾಡಿ ಬೇಯಿಸಿ ನೋಡಿ.

ಬೆಳವಣಿಗೆಯ ವೇಗವನ್ನು ಇಳಿಸಲೂ ತಳಿ ಆಯ್ಕೆಯಿಂದ ಸಾಧ್ಯವಿದೆ. ನೆದರ್ಲೆಂಡ್ಸ್‌ನಲ್ಲಿ ಜನ ತಕರಾರೆತ್ತಿದ ಮೇಲೆ ಅಲ್ಲಿನ ಸೂಪರ್‌ ಮಾರ್ಕೆಟ್‌ಗಳು ತಾಜಾ ಮಾಂಸಕ್ಕೆ ನಿಧಾನವಾಗಿ ಬೆಳೆಯುವ ತಳಿಗಳನ್ನು ತಂದವು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಿತ್ತಲ ಸಾಕಣೆಗೆಂದು ರೂಪಿಸಿದ ಗಿರಿರಾಜ, ಸ್ವರ್ಣಧಾರಾ ಕೋಳಿಗಳು ನಮ್ಮ ಹಳ್ಳಿಗಳಲ್ಲಿ ಓಡಾಡುತ್ತಲೇ ಇವೆ. ಆದರೆ ಕಂಪನಿಯ ಮರಿ ತಂದು ಸಾಕುವ ರೈತನಿಗೆ ಇಂದು ಕೂಲಿ ಸಿಗುವುದು ಹಕ್ಕಿಯ ತೂಕಕ್ಕೆ ಮತ್ತು ತಿಂದ ಫೀಡಿನ ಲೆಕ್ಕಕ್ಕೆ. ಮಾಂಸ ಹೇಗಿದೆ ಎಂದು ಆ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ತಿನ್ನುವ ನಾವು ಅಂಗಡಿಯಲ್ಲಿ ಕೇಳಲು ಶುರುಮಾಡಬೇಕು: ಯಾವ ತಳಿ, ಎಷ್ಟು ದಿನದ್ದು, ಎಲ್ಲಿ ಹೇಗೆ ಇಟ್ಟಿದ್ದಿರಿ?